ರಾತ್ರಿ ಎಂಟಕ್ಕೆ, ಇಬ್ಬರಿಗೆ

ಮದುವೆಯ ದಿನದ ಊಟ ಹೇಗಿರಬೇಕೆಂದು ಮದುಮಕ್ಕಳನ್ನು ಯಾರೂ ಕೇಳುವುದಿಲ್ಲ. ಹಾಲ್ ಗೊತ್ತು ಮಾಡಿದ್ದು ಮಾವನವರು, ಅಡುಗೆ ಭಟ್ಟರು ಚಿಕ್ಕಪ್ಪನ ಪರಿಚಯದವರು, ಹೋಳಿಗೆಯೋ ಜಿಲೇಬಿಯೋ ಎಂಬುದು ಸೋದರತ್ತೆಯ ತೀರ್ಮಾನ. ಫೋಟೋದವನು ಹೇಳಿದಾಗ ಒಬ್ಬರ ಬಾಯಿಗೊಬ್ಬರು ತುತ್ತು ಹಿಡಿದು, ಅವನು ಸಾಕೆಂದಾಗ ಕೈ ಇಳಿಸಿದರೆ ಮದುಮಕ್ಕಳ ಕೆಲಸ ಮುಗಿಯಿತು. ಅದೇ ಜೋಡಿ ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ತಾಳಿಕೊಂಡ ಮೇಲೆ ಮಾತ್ರ ‘ಎಲ್ಲಿಗೆ ಊಟಕ್ಕೆ ಹೋಗೋಣ?’ ಎಂಬ ಪ್ರಶ್ನೆ ಪೂರ್ತಿ ಅವರ ತಲೆಯ ಮೇಲೆಯೇ ಬೀಳುತ್ತದೆ. ಸಹಾಯಕ್ಕೆ ಚಿಕ್ಕಪ್ಪನೂ ಇಲ್ಲ, ಸೋದರತ್ತೆಯೂ ಇಲ್ಲ.

ಈ ಕಷ್ಟ ಯಾವ ಊರಿನಲ್ಲಾದರೂ ಇದ್ದದ್ದೇ. ಆದರೆ ಮುಂಬಯಿಯ ಪರೇಲಿನಲ್ಲಿ ಅದಕ್ಕೊಂದು ರೈಲು ಹಳಿ ಅಡ್ಡ ಬರುತ್ತದೆ. ಹಳಿಯ ಪೂರ್ವಕ್ಕೆ ನಮ್ಮ ಪರೇಲು: ಕೆ.ಇ.ಎಂ., ಟಾಟಾ, ವಾಡಿಯಾ ಆಸ್ಪತ್ರೆಗಳು, ಭಾರತಮಾತಾ ಚಿತ್ರಮಂದಿರ, ಸ್ವಲ್ಪ ಮುಂದೆ ಹೋದರೆ ಲಾಲ್‌ಬಾಗಿನ ಮಸಾಲೆ ಅಂಗಡಿಗಳು, ಚಿವ್ಡಾ ಗಲ್ಲಿ. ಹಳಿಯ ಪಶ್ಚಿಮಕ್ಕೆ ಲೋವರ್ ಪರೇಲು: ಫೀನಿಕ್ಸ್, ಕಮಲಾ, ಮಥುರಾದಾಸ್, ರಘುವಂಶಿ ಎಂದು ಸಾಲು ಸಾಲು ಮಿಲ್ಲುಗಳ ಹೆಸರು, ಒಳಗೆ ಹುಡುಕಿದರೂ ಒಂದು ಎಳೆ ನೂಲು ಸಿಕ್ಕದು. ಅಲ್ಲಿ ಫ್ಲ್ಯಾಟು ಮಾರುವ ದಲಾಲರಿಗೆ ‘ಲೋವರ್’ ಎನ್ನುವಾಗ ನಾಲಗೆ ತಡವರಿಸಿ, ಆ ಜಾಗವನ್ನು ‘ಅಪ್ಪರ್ ವರ್ಲಿ’ ಎಂದು ಕರೆಯತೊಡಗಿದರು. ನೆಲ ಇದ್ದಲ್ಲೇ ಇತ್ತು, ದರ ಮಾತ್ರ ಮಾಳಿಗೆ ಹತ್ತಿತು.

ಹಳಿಯ ಆಚೆಗೆ ಊಟಕ್ಕೆ ಹೋಗುವುದೂ ಸುಲಭವಲ್ಲ. ಡಿಲೈಲ್ ರೋಡಿನ ಸೇತುವೆಯನ್ನು 2018ರಲ್ಲಿ ಮುಚ್ಚಿದವರು ಪೂರ್ತಿ ತೆರೆದದ್ದು 2023ರಲ್ಲಿ. ಅದು ತೆರೆಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ 2025ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡವಲೆಂದು ಮುಚ್ಚಿದರು. ಹಳಿಯ ಆಚೆಯ ಪ್ರಭಾದೇವಿ ನಮ್ಮ ಕಿಟಕಿಗೆ ಕಾಣುತ್ತದೆ; ಟ್ಯಾಕ್ಸಿಯವನಿಗೆ ಮಾತ್ರ ಕಾಣುವುದಿಲ್ಲ. ದಾದರಿನ ತಿಲಕ್ ಸೇತುವೆಯನ್ನೋ ಕರಿ ರೋಡಿನದನ್ನೋ ಸುತ್ತಿ ಹೋಗುವ ಹೊತ್ತಿಗೆ ಬೆಳ್ಳಿಹಬ್ಬದ ಜೋಡಿಗೆ ಹೇಳಿಕೊಳ್ಳಬೇಕಾದ ಮಾತೆಲ್ಲ ಟ್ಯಾಕ್ಸಿಯಲ್ಲೇ ಖಾಲಿಯಾಗಿರುತ್ತದೆ.

ಸೇತುವೆಗಿಂತ ದೊಡ್ಡ ಅಡ್ಡಿ ನಮ್ಮ ಮನೆಯಲ್ಲಿದೆ. ನಮ್ಮ ಯಜಮಾನರು, ಅಂದರೆ ಇವರು, ಹೋಟೆಲಿನವರು. ಉಡುಪಿ ಕಡೆಯಿಂದ ಹಡಗು ಹತ್ತಿ ಬಂದು, ಹಗಲು ಟೇಬಲ್ಲು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತದ್ದು ಇವರ ಅಜ್ಜನ ತಲೆಮಾರು. ಗಲ್ಲಾದಲ್ಲಿ ಕೂತದ್ದು ಅಪ್ಪನ ತಲೆಮಾರು. ಇವರದು ಗಲ್ಲಾದಿಂದ ಏಳಲಾಗದ ತಲೆಮಾರು. ಆಸ್ಪತ್ರೆಯ ಹತ್ತಿರದ ಸಣ್ಣ ಉಡುಪಿ ಹೋಟೆಲು ನಮ್ಮದು. ಬೆಳಿಗ್ಗೆ ರೋಗಿಗಳ ಮನೆಯವರಿಗೆ ಇಡ್ಲಿ, ಮಧ್ಯಾಹ್ನ ಡಾಕ್ಟರ್ ಕಲಿಯುವ ಮಕ್ಕಳಿಗೆ ರೈಸ್ ಪ್ಲೇಟ್, ರಾತ್ರಿ ಎಲ್ಲರಿಗೂ ಪಾರ್ಸೆಲ್. ಹೋಟೆಲು ಶುದ್ಧ ಸಸ್ಯಾಹಾರಿ, ಮನೆ ಹಾಗಲ್ಲ. ಮುಂಬಯಿಯ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲಿನವರ ಜೊತೆ ಇನ್ನೊಬ್ಬರ ಹೋಟೆಲಿಗೆ ಹೋಗಿ ನೋಡಬೇಕು. ಬಾಗಿಲಲ್ಲೇ ನಿಂತು ಟೇಬಲ್ಲುಗಳನ್ನು ಎಣಿಸುತ್ತಾರೆ. ಕೂತ ಮೇಲೆ ಟೇಬಲ್ಲಿನ ಅಡಿಗೆ ಕೈ ಹಾಕಿ ನೋಡುತ್ತಾರೆ. ಚಟ್ನಿ ಬಾಯಿಗಿಟ್ಟು, “ತೆಂಗಿನಕಾಯಿ ಹೆಸರಿಗೆ, ಉಳಿದದ್ದೆಲ್ಲ ಹುರಿಗಡಲೆ” ಎಂದು ತೀರ್ಪು ಕೊಡುತ್ತಾರೆ. ದೋಸೆ ಬಂದರೆ ಕಾವಲಿ ಕಾದಿಲ್ಲ, ಸಾಂಬಾರು ಬಂದರೆ ಬೇಳೆ ಬೆಂದಿಲ್ಲ. ರುಚಿಯಾಗಿಬಿಟ್ಟರೆ ಇನ್ನೂ ಕಷ್ಟ. ಆಗ ಇದಕ್ಕೆ ಅಸಲು ಎಷ್ಟು ಬೀಳಬಹುದು ಎಂದು ಪೇಪರ್ ನ್ಯಾಪ್ಕಿನ್ನಿನ ಮೇಲೆ ಲೆಕ್ಕ ಶುರು. ಒಮ್ಮೆ ಹುಡುಗ ನೀರು ತರಲು ತಡ ಮಾಡಿದನೆಂದು ಇವರೇ ಎದ್ದು ಜಗ್ಗು ತಂದು ನಮಗೂ ಪಕ್ಕದ ಟೇಬಲ್ಲಿಗೂ ಸುರಿದರು. ಪಕ್ಕದವರು ಸಹಜವಾಗಿಯೇ ಎರಡು ಕಾಫಿ, ಒಂದು ಮೈಸೂರ್ ಮಸಾಲ ಎಂದು ಇವರಿಗೆ ಆರ್ಡರು ಹೇಳಿದರು. ಇವರು ಬರೆದುಕೊಂಡರು.

ಇಂಥವರ ಜೊತೆ ಬೆಳ್ಳಿಹಬ್ಬದ ಊಟಕ್ಕೆ ಜಾಗ ಹುಡುಕುತ್ತಿದ್ದೇವೆ ಎಂಬ ಸುದ್ದಿ ಹಬ್ಬಿದ್ದೇ ತಡ, ಸಲಹೆಗಳ ಬುಟ್ಟಿ ಹೊತ್ತು ಜನ ಬಂದರು. ಮಗಳಿಗೆ ಬೇಕಾದದ್ದು ಎತ್ತರದ ಮಹಡಿ, ಮಬ್ಬು ಬೆಳಕು, ಸಣ್ಣ ಸಣ್ಣ ತಟ್ಟೆ. “ಅಮ್ಮಾ, ಊಟ ಮುಖ್ಯ ಅಲ್ಲ, ವೈಬ್ ಮುಖ್ಯ” ಎಂದಳು. ಅವಳಪ್ಪ ಅದನ್ನು ಹೊಸ ತಿಂಡಿ ಎಂದುಕೊಂಡು ಪ್ಲೇಟಿಗೆ ಎಷ್ಟೆಂದು ವಿಚಾರಿಸಿದರು. ಘಾಟ್‌ಕೋಪರಿನ ಅತ್ತಿಗೆಯದು ಬಫೆ ಪಕ್ಷ. ಕೊಟ್ಟ ದುಡ್ಡು ವಸೂಲಾಗಬೇಕಾದರೆ ಸೂಪು ಮುಟ್ಟಬಾರದು, ಬ್ರೆಡ್ಡಿನ ಕಡೆ ತಿರುಗಿಯೂ ನೋಡಬಾರದು, ಪನೀರಿನಿಂದ ಶುರುಮಾಡಿ ಸಿಹಿಯಲ್ಲಿ ಮುಗಿಸಿ ಮತ್ತೆ ಪನೀರಿಗೆ ಬರಬೇಕು ಎಂಬ ಯುದ್ಧತಂತ್ರವನ್ನೂ ಕಲಿಸಿಕೊಟ್ಟರು. ಬೆಳಿಗ್ಗಿನಿಂದ ಉಪವಾಸ ಮಾಡಿ ಆಚರಿಸುವ ವಾರ್ಷಿಕೋತ್ಸವಕ್ಕೂ ಏಕಾದಶಿಗೂ ವ್ಯತ್ಯಾಸವೇನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಪಕ್ಕದ ಮನೆಯ ಮಾವಶಿ ಮಾತ್ರ ಕೈಯಾಡಿಸಿ, “ಹೊರಗೆ ಯಾಕೆ ಹೋಗಬೇಕು? ನಾನು ಕೋಂಬ್ಡಿ-ವಡೆ ಮಾಡಿ ಕೊಡುತ್ತೇನೆ, ಬಾಗಿಲು ಹಾಕಿಕೊಂಡು ಉಣ್ಣಿ” ಎಂದರು.

ಮಾವಶಿಯ ಮಾತಿನ ಹಿಂದೆ ಇಡೀ ಪರೇಲಿನ ಚರಿತ್ರೆಯಿದೆ. ಗಿರಣಿ ಕಾರ್ಮಿಕನ ಹೆಂಡತಿಯಾಗಿ ಈ ಊರಿಗೆ ಬಂದವರು ಅವರು. ಅವರ ಲೆಕ್ಕದಲ್ಲಿ ಹೊರಗೆ ಉಣ್ಣುವುದು ಹೆಂಡತಿ ಹತ್ತಿರ ಇಲ್ಲದವನ ಪಾಡು. ಅದು ಸುಳ್ಳೂ ಅಲ್ಲ. ರತ್ನಾಗಿರಿ, ಸಾತಾರದ ಕಡೆಯಿಂದ ಗಿರಣಿಗೆ ಬಂದ ಗಂಡಸರು ಹೆಂಡತಿಯರನ್ನು ಊರಲ್ಲೇ ಬಿಟ್ಟು ಬಂದಿದ್ದರು. ಒಂದೇ ಖೋಲಿಯಲ್ಲಿ ಹತ್ತು ಹದಿನೈದು ಜನ. ಒಬ್ಬ ಪಾಳಿಗೆ ಎದ್ದು ಹೋದರೆ ಇನ್ನೊಬ್ಬ ಅದೇ ಜಾಗದಲ್ಲಿ ಮಲಗುತ್ತಿದ್ದ. ಇವರೆಲ್ಲರ ಹೊಟ್ಟೆಗೆ ಹಾಕಿದವರು ಅದೇ ಚಾಳುಗಳಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರು. ತಿಂಗಳ ಲೆಕ್ಕ, ಪಾಳಿಗೆ ತಕ್ಕ ಪಂಕ್ತಿ. ಸಾಲದ ಬಡ್ಡಿಯಲ್ಲಿ ಮುಳುಗುತ್ತಿದ್ದ ಈ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವೆಂದು ಒಗ್ಗೂಡಿಸಿ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು. ಪರೇಲಿನಲ್ಲಿ ಹೊರಗಿನ ಊಟ ಬೆಳೆದದ್ದೇ ಗಂಡ ಇಲ್ಲಿ, ಹೆಂಡತಿ ಅಲ್ಲಿ ಎಂಬ ಕಾರಣಕ್ಕೆ. ಈಗ ಅದೇ ಪರೇಲಿನಲ್ಲಿ ಗಂಡ-ಹೆಂಡತಿ ಜೊತೆಗಿರುವುದನ್ನು ಕೊಂಡಾಡಲು ಟೇಬಲ್ಲು ಕಾದಿರಿಸಬೇಕು.

ಅದಕ್ಕೂ ಹಿಂದೆ ಇಲ್ಲಿ ಭಾರೀ ಔತಣಗಳು ನಡೆಯುತ್ತಿದ್ದವು, ನಮ್ಮಂಥವರಿಗೆ ಕರೆಯಿರಲಿಲ್ಲ ಅಷ್ಟೇ. ಬೊಂಬಾಯಿಯ ಗವರ್ನರರ ಬಂಗಲೆ ಪರೇಲಿನಲ್ಲಿತ್ತು. 18ನೇ ಶತಮಾನದಲ್ಲಿ ಗವರ್ನರ್ ಹಾರ್ನ್‌ಬಿ ಇಲ್ಲಿದ್ದ. ಅವನ ಹೆಸರು ಈಗ ಅಂಬೇಡ್ಕರ್ ರಸ್ತೆಯ ಐಟಿಸಿ ಗ್ರ್ಯಾಂಡ್ ಸೆಂಟ್ರಲ್ ಹೋಟೆಲಿನ ಒಂದು ರೆಸ್ಟೋರೆಂಟಿಗೆ ಉಳಿದಿದೆ. ಗವರ್ನರರು ಮಲಬಾರ್ ಹಿಲ್ಲಿನ ಗಾಳಿಗೆ ಹೋದ ಮೇಲೆ, ಔತಣ ನಡೆಯುತ್ತಿದ್ದ ಆ ಬಂಗಲೆಗೆ 1899ರಲ್ಲಿ ಹಾಫ್‌ಕಿನ್ ತನ್ನ ಪ್ಲೇಗ್ ಲಸಿಕೆಯ ಪ್ರಯೋಗಾಲಯ ತಂದ. 1925ರಿಂದ ಅದಕ್ಕೆ ಅವನದೇ ಹೆಸರು. ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಇವರು, “ಇಷ್ಟು ದೊಡ್ಡ ಹಾಲ್, ಪಾರ್ಕಿಂಗ್ ಬೇರೆ, ಹೋಟೆಲಿಗೆ ಎಂಥ ಜಾಗ ಮಾರಾಯ್ತಿ!” ಎಂದು ನಿಟ್ಟುಸಿರು ಬಿಡುತ್ತಾರೆ. ಲಸಿಕೆಯಿಂದ ಬದುಕಿದ ಜನರ ಲೆಕ್ಕ ಇವರ ಪುಸ್ತಕದಲ್ಲಿ ಯಾವ ಖಾತೆಗೂ ಹೋಗುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೊಂದು ಸತ್ಯ ಹೊಳೆಯಿತು. ಮುಂಬಯಿಯಲ್ಲಿ ಹೋಟೆಲುಗಳು ಮಾರುವುದು ಕುರ್ಚಿಯನ್ನು. ಊಟ ಅದರ ಜೊತೆ ಬರುತ್ತದೆ. ಕುರ್ಚಿಯನ್ನು ಎಷ್ಟು ಹೊತ್ತಿಗೆ, ಎಷ್ಟಕ್ಕೆ ಕೊಡುತ್ತಾರೆ ಎಂಬುದರ ಮೇಲೆ ಹೋಟೆಲಿನ ಜಾತಿ ನಿಂತಿದೆ. ಇರಾನಿ ಹೋಟೆಲಿನಲ್ಲಿ ಒಂದು ಚಹಾಕ್ಕೆ ಅರ್ಧ ದಿನ ಕೂರಬಹುದಿತ್ತು. ಆ ಉದಾರತೆಯಲ್ಲೇ ಬಹಳಷ್ಟು ಇರಾನಿಗಳು ಬಾಗಿಲು ಹಾಕಿದವು. ಉಡುಪಿ ಹೋಟೆಲಿನಲ್ಲಿ ಕುರ್ಚಿ ತಿನ್ನುವಷ್ಟು ಹೊತ್ತಿಗೆ ಮಾತ್ರ. ಆ ಬಿಗಿಯಲ್ಲೇ ನಾವೆಲ್ಲ ಉಳಿದುಕೊಂಡೆವು. ಲೋವರ್ ಪರೇಲಿನಲ್ಲಿ ಕುರ್ಚಿಗೇ ಬಾಡಿಗೆ.

ಬೆಳ್ಳಿಹಬ್ಬಕ್ಕೆ ಎಂಥ ಕುರ್ಚಿ ಬೇಕು? ಇವರ ಮೊದಲ ಉತ್ತರ ಮಾಟುಂಗ. ಹೊಟ್ಟೆಯ ವಿಷಯದಲ್ಲಿ ಇದಕ್ಕೆ ಎದುರು ಹೇಳುವ ಹಾಗಿಲ್ಲ. 1936ರ ಕೆಫೆ ಮೈಸೂರು, 1939ರ ರಾಮ ಆಶ್ರಯ, 1940ರ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬೋರ್ಡಿನ ಮೇಲೆ ಮೈಸೂರು, ಮದ್ರಾಸು. ಒಳಗೆ ಗಲ್ಲಾದಲ್ಲಿ ನಮ್ಮ ಕರಾವಳಿ. ರಾಮ ನಾಯಕರಲ್ಲಿ ಬಾಳೆಲೆಯ ಮೇಲೆ ಸಾರು, ಪಲ್ಯ, ಅನ್ನ, ಮಜ್ಜಿಗೆ ಎಂದು ಸಾಕೆನ್ನುವವರೆಗೆ ಬಡಿಸುತ್ತಾರೆ. ರಾಮ ಆಶ್ರಯದ ಅನಾನಸ್ ಶೀರಾಕ್ಕೆ ಬೆಳ್ಳಿಹಬ್ಬವೇನು, ಚಿನ್ನದ ಹಬ್ಬವನ್ನೇ ಒಪ್ಪಿಸಬಹುದು.

ಆದರೆ ಅಲ್ಲಿಯ ಕುರ್ಚಿ! ಒಳಗೆ ಹೋಗುವ ಮೊದಲು ಹೊರಗೆ ನಿಂತು ಕಾಯಬೇಕು. ಒಳಗೆ ಹೋದರೆ ನಾಲ್ವರ ಟೇಬಲ್ಲಿನಲ್ಲಿ ನಾವಿಬ್ಬರು, ಎದುರಿಗೆ ಗುರುತಿಲ್ಲದ ಇನ್ನಿಬ್ಬರು. ಇಪ್ಪತ್ತೈದು ವರ್ಷದ ನೆನಪು ತೆಗೆದು ನಾನು ಗಂಟಲು ಸರಿಮಾಡಿಕೊಳ್ಳುವಾಗ ಎದುರಿನವರು “ಚಟ್ನಿ ಆ ಕಡೆ ಸರಿಸಿ” ಎನ್ನುತ್ತಾರೆ. ನಮ್ಮ ಬೆನ್ನ ಹಿಂದೆ ಮುಂದಿನ ಗಿರಾಕಿ ನಮ್ಮ ಕಾಫಿ ಲೋಟದ ತಳ ಕಾಣುವುದನ್ನೇ ಕಾಯುತ್ತ ನಿಂತಿರುತ್ತಾನೆ. ಅಲ್ಲಿ “ನಿನ್ನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ” ಎಂದು ಇವರು ಹೇಳುವ ಸಂಭವವಿದ್ದರೂ ವಾಕ್ಯ ಮುಗಿಯುವುದರೊಳಗೆ ಬಿಲ್ಲು ಬಂದಿರುತ್ತದೆ. ಇದನ್ನು ಇವರ ಮುಂದಿಟ್ಟರೆ, “ಮತ್ತೆ? ಹೋಟೆಲು ಹಾಗೆಯೇ ನಡೆಯಬೇಕು” ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು. ಇಪ್ಪತ್ತೈದು ವರ್ಷದಲ್ಲಿ ಇವರ ಕಣ್ಣು ನನಗಾಗಿ ಹಾಗೆ ತುಂಬಿದ್ದನ್ನು ನಾನು ಕಂಡಿಲ್ಲ.

ಎರಡನೆಯ ಉತ್ತರ ಮೀನು. ಇದರಲ್ಲಿ ನಾವಿಬ್ಬರೂ ಒಂದೇ ಪಕ್ಷ. ಕೋಟೆ ಭಾಗದ ಮಹೇಶ್ ಲಂಚ್ ಹೋಮ್, ತೃಷ್ಣಾ ಎಂದರೆ ನಮ್ಮ ಮಂಗಳೂರಿನವರು ಇಡೀ ಮುಂಬಯಿಗೆ ಗಸ್ಸಿ, ನೀರುದೋಸೆ, ಬೆಣ್ಣೆ-ಬೆಳ್ಳುಳ್ಳಿಯ ಏಡಿಯ ದೀಕ್ಷೆ ಕೊಟ್ಟ ಜಾಗಗಳು. ಹಳೆಯ ದಂಪತಿಗೆ ಏಡಿಯಷ್ಟು ಹಿತವಾದ ಊಟ ಇನ್ನೊಂದಿಲ್ಲ. ಎರಡೂ ಕೈ ಕೆಲಸದಲ್ಲಿರುತ್ತವೆ, ಮೊಬೈಲು ಮುಟ್ಟುವಂತಿಲ್ಲ. ಬಾಯಿ ತುಂಬಿರುತ್ತದೆ, ಹಳೆಯ ಜಗಳ ಎತ್ತುವಂತಿಲ್ಲ. ಗುದ್ದಿ ಒಡೆಯಲು ಎದುರಿಗೇ ಏನೋ ಇರುವುದರಿಂದ ಮನಸ್ಸಿನ ಸಿಟ್ಟಿಗೂ ದಾರಿಯಾಗುತ್ತದೆ. ಎಲ್ಲ ಸರಿಹೋಯಿತು ಎನ್ನುವಾಗ ಕ್ಯಾಲೆಂಡರ್ ನೋಡಿದರೆ ನಮ್ಮ ದಿನ ಶನಿವಾರ ಬಿದ್ದಿದೆ. ಶನಿವಾರ ಇವರು ಮೀನು ಮುಟ್ಟುವುದಿಲ್ಲ. ಭಾನುವಾರಕ್ಕೆ ಮುಂದೂಡೋಣ ಎಂದರೆ ಅತ್ತಿಗೆ ಫೋನಿನಲ್ಲೇ ತಡೆದರು: “ಮದುವೆಯ ದಿನವನ್ನು ಮುಂದೂಡಬಾರದು, ಅಪಶಕುನ.” ಇಪ್ಪತ್ತೈದು ವರ್ಷ ಆದ ಮೇಲೂ ಶಕುನ ನೋಡುವುದು ಇದೆಯಲ್ಲ, ಅದಕ್ಕೆ ಅತ್ತಿಗೆಯೇ ಬೇಕು.

ಹಾಗಾಗಿ ಉಳಿದದ್ದು ಹಳಿಯ ಆಚೆ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಮೇಲೆ ಬಹಳ ಗಿರಣಿಗಳು ಮತ್ತೆ ಸರಿಯಾಗಿ ತಿರುಗಲೇ ಇಲ್ಲ. ಅವುಗಳ ನೆಲದ ಮೇಲೆ ಮಾಲು, ಆಫೀಸು, ರೆಸ್ಟೋರೆಂಟು ಎದ್ದವು. ಗೋಡೆಯ ಇಟ್ಟಿಗೆಯನ್ನು ಸುಣ್ಣ ಬಳಿಯದೆ ಹಾಗೇ ಬಿಟ್ಟಿದ್ದಾರೆ, ತಲೆಯ ಮೇಲೆ ಕಬ್ಬಿಣದ ತೊಲೆ. ಮಾವಶಿಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದಾಗ, “ಇಷ್ಟು ದುಡ್ಡು ತೆಗೆದುಕೊಂಡು ಗೋಡೆಗೆ ಪ್ಲಾಸ್ಟರು ಹಾಕಿಸಿಲ್ಲವಲ್ಲ!” ಎಂದು ಮರುಗಿದ್ದರು.

ಟೇಬಲ್ಲಿಗಾಗಿ ಫೋನು ಮಾಡಿದ್ದು ಇವರು. ಗಿರಾಕಿಯಾಗಿ ಮಾತಾಡಿ ಅಭ್ಯಾಸವಿಲ್ಲ. ಆ ಕಡೆಯ ಹುಡುಗಿ ನಯವಾಗಿ, “ಎನಿ ಸ್ಪೆಷಲ್ ಅಕೇಷನ್, ಸರ್?” ಎಂದಳು. ಇವರ ಕಿವಿಗೆ ‘ಸ್ಪೆಷಲ್’ ಮಾತ್ರ ಬಿತ್ತು. “ನೀವೇ ಹೇಳಿ, ಇವತ್ತಿನ ಸ್ಪೆಷಲ್ ಎಂಥದ್ದು?” ಎಂದರು. ಅಲರ್ಜಿ ಏನಾದರೂ ಇದೆಯೇ ಎಂದು ಕೇಳಿದಳು. “ಇದೆ. ಸರ್ವಿಸ್ ಚಾರ್ಜಿನದ್ದು.” ಹುಡುಗಿಗೆ ನಗು ತಡೆಯಲಾಗಲಿಲ್ಲ. ಇವರು ನಕ್ಕಿರಲಿಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಹೇಳಿದ್ದು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದದ್ದು, ಎರಡೂ ಇವರಿಗೆ ಬಾಯಿಪಾಠ. ನಮ್ಮ ಮದುವೆಯ ತಾರೀಕು ಮಾತ್ರ ಪ್ರತಿ ವರ್ಷ ನಾನೇ ಹೇಳಬೇಕು.

ಸಂಜೆ ಏಳೂವರೆಗೆ ಒಂದು ಸರದಿ, ಒಂಬತ್ತೂಮುಕ್ಕಾಲಿಗೆ ಇನ್ನೊಂದು, ಯಾವುದು ಬೇಕು ಎಂದಳು ಹುಡುಗಿ. ಗಿರಣಿ ಮುಚ್ಚಿ ಇಷ್ಟು ವರ್ಷವಾದರೂ ಆ ನೆಲಕ್ಕೆ ಪಾಳಿಯ ಚಟ ಬಿಟ್ಟಿಲ್ಲ ನೋಡಿ. ಆಗ ಮೂರು ಪಾಳಿ, ಈಗ ಎರಡು. ಆಗ ಪಾಳಿಗೆ ತಡವಾಗಿ ಬಂದವನ ಕೂಲಿ ಮುರಿಯುತ್ತಿದ್ದರು, ಈಗ ತಡವಾಗಿ ಬಂದವನ ಮುಂಗಡ ಮುರಿಯುತ್ತಾರೆ.

ಇನ್ನು ತೆರಿಗೆಯ ವಿಷಯ. ರಸ್ತೆ ಬದಿಯ ರೆಸ್ಟೋರೆಂಟಿನ ಊಟಕ್ಕೆ ನೂರಕ್ಕೆ 5 ಜಿಎಸ್‌ಟಿ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲಿನೊಳಗೆ ಕೂತು ತಿಂದರೆ 18. ಇದು ಇವರನ್ನು ರಾತ್ರಿಯಿಡೀ ಕಾಡಿತು. “ನಾವು ಕೋಣೆಗೆ ಹೋಗುವುದಿಲ್ಲ, ಹಾಸಿಗೆ ನೋಡುವುದಿಲ್ಲ, ಕೆಳಗೆ ಕೂತು ಇಡ್ಲಿ ತಿನ್ನುತ್ತೇವೆ. ಮೇಲೆ ಮಲಗಿದವನ ಬಾಡಿಗೆಗೂ ನಮ್ಮ ಇಡ್ಲಿಗೂ ಎಂಥ ಸಂಬಂಧ?” ಎಂದು ಮಧ್ಯರಾತ್ರಿ ಎಬ್ಬಿಸಿ ಕೇಳಿದರು. ಬೆಳ್ಳಿಹಬ್ಬದ ರಾತ್ರಿ ಅಲ್ಲಿಗೆ ಹೋಗಿ ಇಡ್ಲಿ ತಿನ್ನುವ ಯೋಚನೆಯಿದೆಯೇ ಎಂದು ನಾನು ಕೇಳಿದೆ. ಗೊರಕೆಯ ಉತ್ತರ ಬಂತು.

ಮಗಳ ಎತ್ತರದ ಮಹಡಿಯ ಆಸೆಯನ್ನು ಇವರು ಒಂದೇ ಮಾತಿನಲ್ಲಿ ಕಡಿದರು: “ಹೊರಗೆ ಹೋಗುವ ಎರಡನೇ ಬಾಗಿಲು ನೋಡದೆ ನಾನು ಯಾವ ಮಹಡಿಯಲ್ಲೂ ಕೂರುವುದಿಲ್ಲ.” ಇದೊಂದರಲ್ಲಿ ನಾನು ಇವರನ್ನು ಕಿಚಾಯಿಸುವುದಿಲ್ಲ. 2017ರ ಡಿಸೆಂಬರ್ 28ರ ರಾತ್ರಿ ಕಳೆದು 29 ಹುಟ್ಟುವ ಹೊತ್ತಿಗೆ ಕಮಲಾ ಮಿಲ್ಸಿನ ಮಾಳಿಗೆಯ ರೆಸ್ಟೋರೆಂಟುಗಳಿಗೆ ಬೆಂಕಿ ಬಿತ್ತು. 14 ಜನ ತೀರಿಹೋದರು. ಹುಟ್ಟುಹಬ್ಬ ಆಚರಿಸಲು ಬಂದ ಹುಡುಗಿಯೂ ಅವರಲ್ಲಿದ್ದಳು. ಅಂದಿನಿಂದ ನಮ್ಮ ಹೋಟೆಲಿನ ಹಿಂಬಾಗಿಲಿನ ಹತ್ತಿರ ಒಂದು ಈರುಳ್ಳಿ ಚೀಲ ಇಡಲೂ ಇವರು ಬಿಡುವುದಿಲ್ಲ. ಹೋಟೆಲು ಆರಿಸುವವರು ಮೆನು ಕಾರ್ಡು ಕೇಳುವ ಮೊದಲು ಈ ಬಾಗಿಲು ಕೇಳುವುದು ಒಳ್ಳೆಯದು. ಅದಕ್ಕೆ ಜಿಎಸ್‌ಟಿ ಇಲ್ಲ.

ಇಷ್ಟು ಸುತ್ತಿದ ಮೇಲೆ ಇವರಿಗೆ ಸಿಟ್ಟು ಬಂತು. “ಮಾಟುಂಗ ಬೇಡ, ಮೀನು ಆಗುವುದಿಲ್ಲ, ಬಫೆ ಅತ್ತಿಗೆಗಾಯಿತು. ನಿನಗೆ ಬೇಕಾದದ್ದಾದರೂ ಎಂಥದ್ದು ಮಾರಾಯ್ತಿ?”

“ರಾತ್ರಿ ಎಂಟು ಗಂಟೆ” ಎಂದೆ.

ಇವರಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಊರಿನವರೆಲ್ಲ ಉಣ್ಣುವ ಹೊತ್ತಿಗೆ ಹೋಟೆಲಿನವರು ಉಣ್ಣುವುದಿಲ್ಲ. ಎಂಟಕ್ಕೆ ಗಲ್ಲಾದ ಮುಂದೆ ಜನ, ಒಂಬತ್ತಕ್ಕೆ ಪಾರ್ಸೆಲ್, ಹತ್ತೂವರೆಗೆ ಅರ್ಧ ಶಟರು, ಆಮೇಲೆ ದಿನದ ಲೆಕ್ಕ. ಇವರು ಮನೆಗೆ ಬಂದು ಕೈ ತೊಳೆಯುವ ಹೊತ್ತಿಗೆ ಪಕ್ಕದ ಮನೆಯಲ್ಲಿ ದೀಪ ಆರಿರುತ್ತದೆ. ನಮ್ಮ ಹತ್ತನೆಯ ವಾರ್ಷಿಕೋತ್ಸವವನ್ನು ಹೋಟೆಲಿನ ಹಿಂದಿನ ಟೇಬಲ್ಲಿನಲ್ಲಿ, ಕುರ್ಚಿಗಳನ್ನೆಲ್ಲ ಟೇಬಲ್ಲಿನ ಮೇಲೆ ಮಗುಚಿ ಹುಡುಗರು ನೆಲ ತೊಳೆಯುವಾಗ, ಉಳಿದ ಸಾಂಬಾರಿನಲ್ಲಿ ಆಚರಿಸಿದ್ದೇವೆ. ಕಾಲು ಮೇಲೆತ್ತಿಕೊಂಡು ಉಂಡೆ. ಇಪ್ಪತ್ತೈದು ವರ್ಷದಲ್ಲಿ ರಾತ್ರಿ ಎಂಟಕ್ಕೆ ಒಟ್ಟಿಗೆ ಕೂತು ಉಂಡದ್ದು ಮುಂಬಯಿ ಬಂದ್ ಆದ ದಿನ, ಮತ್ತೆ 2020ರ ಲಾಕ್‌ಡೌನಿನಲ್ಲಿ. ಅಕ್ಟೋಬರ್ 5ರಂದು ಹೋಟೆಲಿನಲ್ಲಿ ಕೂತು ತಿನ್ನಲು ಮತ್ತೆ ಪರವಾನಗಿ ಸಿಕ್ಕುವವರೆಗೆ ದಿನಾ ಎಂಟಕ್ಕೆ ಎದುರು-ಬದುರು ಕೂತೆವು. ಆಗಲೂ ಇವರು ಮೊದಲ ತುತ್ತಿಗೆ ಗಡಿಯಾರ ನೋಡಿ, “ಈಗ ರಶ್ ಶುರುವಾಗುವ ಹೊತ್ತು” ಎನ್ನುತ್ತಿದ್ದರು.

ಇದನ್ನೆಲ್ಲ ವಿವರಿಸಿದೆ. ಕೇಳಿದರು. ಕೇಳಿ ಹೇಳಿದ್ದು: “ಆದರೆ ಶನಿವಾರ ಎಂಟಕ್ಕೆ ನಮ್ಮಲ್ಲಿ ರಶ್ ಅಲ್ವಾ?”

ಇಂಥವರ ಮುಂದೆ ಕಣ್ಣೀರು ನಡೆಯದು, ಲೆಕ್ಕವೇ ನಡೆಯಬೇಕು. ನಾನು ಅಂದೆ: “ಆಯಿತು. ಎಲ್ಲಿಗೂ ಹೋಗುವುದು ಬೇಡ. ಶನಿವಾರ ಎಂಟಕ್ಕೆ ನಿಮ್ಮ ಹೋಟೆಲಿಗೇ ಬರುತ್ತೇನೆ. ಮದುವೆಯ ಸೀರೆ ಉಟ್ಟುಕೊಂಡು, ಬಾಗಿಲಿನ ಹತ್ತಿರದ ನಾಲ್ವರ ಟೇಬಲ್ಲಿನಲ್ಲಿ ಒಬ್ಬಳೇ ಕೂತು, ಒಂದು ಕಟಿಂಗ್ ಚಹಾ ಹೇಳುತ್ತೇನೆ. ಹತ್ತರವರೆಗೆ ಕುಡಿಯುತ್ತೇನೆ.”

ಇವರ ಮುಖದ ಬಣ್ಣ ಇಳಿಯುವುದನ್ನು ಕಾಣಬೇಕಿತ್ತು. ತುಟಿ ಅಲುಗುತ್ತಿತ್ತು, ಜಪ ಎಂದುಕೊಳ್ಳಬೇಡಿ, ಗುಣಾಕಾರ. ಒಂದು ಟೇಬಲ್ಲಿಗೆ ನಾಲ್ವರು, ಇಪ್ಪತ್ತು ನಿಮಿಷಕ್ಕೊಮ್ಮೆ ಖಾಲಿ, ಎರಡು ಗಂಟೆಗೆ ಆರು ಸಲ, ಇಪ್ಪತ್ತನಾಲ್ಕು ಗಿರಾಕಿ, ತಲೆಗೆ ಒಂದು ಮಸಾಲ ದೋಸೆ, ಒಂದು ಕಾಫಿ. ಇಷ್ಟರ ಎದುರಿಗೆ ಒಂದು ಕಟಿಂಗ್, ಅದೂ ಮಾಲಕರ ಹೆಂಡತಿಯದು, ಉದ್ರಿ. “ಹತ್ತರವರೆಗಾ?” ಎಂದರು ಕ್ಷೀಣವಾಗಿ. “ಮಗಳನ್ನೂ ಅತ್ತಿಗೆಯನ್ನೂ ಕರೆದರೆ ಪಕ್ಕದ ಟೇಬಲ್ಲೂ ಬೇಕಾದೀತು” ಎಂದೆ.

ಹಾಲು ಉಕ್ಕುವಷ್ಟರಲ್ಲಿ ಫೋನಿನಲ್ಲಿ ಮಾತು ಕೇಳಿಸಿತು. ಹಳಿಯ ಆಚೆ, ಕೆಳ ಅಂತಸ್ತು, ಎರಡು ಬಾಗಿಲು, ಇಬ್ಬರಿಗೆ ಟೇಬಲ್ಲು, ಮುಂಗಡ ಕಟ್ಟಿ ಆಯಿತು. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅತ್ತಿಗೆ ಬಫೆ ಬಿಟ್ಟು ಹಾಜರಾಗುತ್ತಾರೆ. ಎಂಟು ಗಂಟೆ ಅವರಲ್ಲಿ ಇಲ್ಲವಾದ್ದರಿಂದ ಏಳೂವರೆಯ ಪಾಳಿ. ನನ್ನ ಷರತ್ತು ಒಂದೇ: ಇವರ ಬೆನ್ನು ಅಡುಗೆಮನೆಗೂ ಗಲ್ಲಾಕ್ಕೂ ಇರಬೇಕು, ಮುಖ ನನ್ನ ಕಡೆಗೆ.

ಅಷ್ಟು ಸಲೀಸಾಗಿ ಒಪ್ಪಿದ್ದೇಕೆಂದು ಆಮೇಲೆ ತಿಳಿಯಿತು. ಏಳೂವರೆಯ ಪಾಳಿಯವರನ್ನು ಒಂಬತ್ತೂವರೆಗೆ ಎಬ್ಬಿಸುತ್ತಾರಂತೆ. “ಒಳ್ಳೆಯ ಪದ್ಧತಿ ಮಾರಾಯ್ತಿ. ಅಲ್ಲಿಂದ ನೇರ ಬಂದರೆ ಲೆಕ್ಕ ಮುಚ್ಚುವ ಹೊತ್ತಿಗೆ ನಾನು ಗಲ್ಲಾದಲ್ಲಿ” ಎಂದು ಖುಷಿಯಲ್ಲಿ ಶಿಳ್ಳೆ ಹಾಕುತ್ತಿದ್ದಾರೆ. ಸಿಹಿಗೆ ಆರ್ಡರು ಕೊಟ್ಟ ಮೇಲೆ ಮನಸ್ಸು ಬದಲಿಸಿ, ಮತ್ತೆ ಮೆನು ತರಿಸಿ, ಇನ್ನೊಂದು ಸಿಹಿ ಹೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಗಳ ಹತ್ತಿರ ವಿಚಾರಿಸಿದ್ದೇನೆ. ಅಂಥ ಜಾಗಗಳಲ್ಲಿ ಮುಕ್ಕಾಲು ಗಂಟೆಗೆ ಮೋಸವಿಲ್ಲವಂತೆ.